ಟ್ರೆಬಲ್ ಇಳಿಸಿದರೂ ಕಿವಿ ಚುಚ್ಚುವ ಕಾರ್ ಸ್ಟೀರಿಯೊ: ಹುಬ್ಬಳ್ಳಿ ಗಾಡಿಯೊಂದರ ರಿಪೇರಿ ವಿವರ

ಗಾಡಿ ಕೆಎ 63 ಪಾಸಿಂಗ್‌ನ ಹ್ಯಾಚ್‌ಬ್ಯಾಕ್. ಡ್ಯಾಶ್‌ಬೋರ್ಡಿನಲ್ಲಿ 9 ಇಂಚಿನ ಆಂಡ್ರಾಯ್ಡ್ ಸೆಟ್, ಎಡಗಡೆ ಸೀಟಿನ ಕೆಳಗೆ ನಾಲ್ಕು ಚಾನೆಲ್ ಆಂಪ್ಲಿಫೈಯರ್, ಅಂದರೆ ಆಂಪ್ (4 ಓಮ್‌ಗೆ ಚಾನೆಲ್‌ವಾರು 60 ವ್ಯಾಟ್ ಆರ್‌ಎಂಎಸ್, ಅಂದರೆ ನಿರಂತರ ಕೊಡಬಲ್ಲ ಶಕ್ತಿ), ಮುಂದಿನ ಬಾಗಿಲುಗಳಲ್ಲಿ ಆರೂವರೆ ಇಂಚಿನ ಕಾಂಪೊನೆಂಟ್ ಸ್ಪೀಕರ್‌ನ ವೂಫರ್ (ಕೆಳಗಿನ, ನಡುವಿನ ಸ್ವರಗಳಿಗೆ), ಸೈಡ್ ಕನ್ನಡಿಯ ಮೂಲೆಯ ತ್ರಿಕೋನದಲ್ಲಿ ಅದರ ಟ್ವೀಟರ್ (ಮೇಲಿನ ಸ್ವರಗಳಿಗೆ), ಹಿಂದೆ ಕೋಆಕ್ಸಿಯಲ್ (ಎರಡೂ ಒಂದರಲ್ಲೇ ಇರುವ ಸ್ಪೀಕರ್), ಡಿಕ್ಕಿಯಲ್ಲಿ ಆಳದ ಬಾಸ್‌ಗೆ ಸಣ್ಣ ಆಕ್ಟಿವ್ (ಒಳಗೇ ಆಂಪ್ ಇರುವ) ಸಬ್‌ವೂಫರ್. ಮಾಲೀಕರ ದೂರು ಒಂದೇ ಸಾಲಿನದು: "ಅಣ್ಣಾರ, ಹುಬ್ಬಳ್ಳಿ ಬಿಟ್ಟು ಧಾರವಾಡ ಮುಟ್ಟೂದ್ರಾಗ ತಲಿ ಧಿಮ್ ಅಂತೈತಿ. ಟ್ರೆಬಲ್ ಪೂರಾ ಇಳಿಸಿದ್ರೂ ಅಷ್ಟ ಐತಿ."

ಆ ಕೊನೆಯ ಮಾತಿನಲ್ಲೇ ಅರ್ಧ ಉತ್ತರ ಇದೆ. ಟ್ರೆಬಲ್ ನಾಬ್ ಹೆಚ್ಚಿನ ಸೆಟ್‌ಗಳಲ್ಲಿ ಕೆಲಸ ಮಾಡೋದು 10 ಕಿಲೋಹರ್ಟ್ಸ್ ಆಸುಪಾಸು. ತಾಳದ ಕಿಣಿಕಿಣಿ, ತಂಬೂರಿಯ ಜವಾರಿಯ ಮಿನುಗು ಅಲ್ಲಿರುತ್ತದೆ. ಕಿವಿಗೆ ಹೊಡೆಯುವ ಸದ್ದು ಅದಕ್ಕಿಂತ ಕೆಳಗೆ, 2ರಿಂದ 5 ಕಿಲೋಹರ್ಟ್ಸ್ ನಡುವೆ. ಮನುಷ್ಯನ ಕಿವಿ ಅತಿ ಚುರುಕಾಗಿರುವ ಜಾಗವೇ ಅದು. ಕಿವಿಯ ನಾಳ ಸ್ವತಃ 3 ಕಿಲೋಹರ್ಟ್ಸ್ ಸುತ್ತ ಅನುರಣಿಸುತ್ತದೆ. ಹಾಗಾಗಿ ಟ್ರೆಬಲ್ ಇಳಿಸಿದರೆ ಹಾಡು ಮಂಕಾಗುತ್ತದೆ, ಚುಚ್ಚೋದು ಹಾಗೇ ಉಳಿಯುತ್ತದೆ. ಈ ಗಾಡಿಯಲ್ಲೂ ಅದೇ ಆಗಿತ್ತು. ಇಂಥ ಕಡೆ ಈಕ್ವಲೈಸರ್ ಮುಟ್ಟುವ ಮೊದಲು ಆ ಸದ್ದು ಎಲ್ಲಿಂದ ಹುಟ್ಟುತ್ತಿದೆ ಅಂತ ಹಿಡಿಯಬೇಕು. ಇಲ್ಲಿ ನಾಲ್ಕು ಕಡೆಯಿಂದ ಹುಟ್ಟುತ್ತಿತ್ತು.

ಮೊದಲು ಎಲ್ಲವನ್ನೂ ಸೊನ್ನೆಗೆ

ಸೆಟ್‌ನಲ್ಲಿ "ರಾಕ್" ಪ್ರಿಸೆಟ್, ಅದರ ಮೇಲೆ ಲೌಡ್‌ನೆಸ್ (ಬಾಸ್, ಟ್ರೆಬಲ್ ಎರಡನ್ನೂ ಏರಿಸುವ ಸೌಲಭ್ಯ) ಆನ್, ಫೋನಿನ ಹಾಡಿನ ಆ್ಯಪ್‌ನಲ್ಲಿ ಇನ್ನೊಂದು ಈಕ್ವಲೈಸರ್, ಆಂಪ್‌ನಲ್ಲಿ ಬಾಸ್ ಬೂಸ್ಟ್ ಅರ್ಧಕ್ಕಿಂತ ಮೇಲೆ. ನಾಲ್ಕು ಪದರ ಒಂದರ ಮೇಲೊಂದು. ಎಲ್ಲ ತೆಗೆದು ಫ್ಲ್ಯಾಟ್ ಮಾಡಿದೆವು. ಬ್ಲೂಟೂತ್ ಬಿಟ್ಟು ಯುಎಸ್‌ಬಿಯಲ್ಲಿ ಕುಗ್ಗಿಸದ ಡಬ್ಲ್ಯುಎವಿ ಫೈಲ್ ಹಾಕಿ ಕೇಳಿದೆವು. ಮಾಲೀಕರ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ವಿಡಿಯೊದಿಂದ ಇಳಿಸಿಕೊಂಡ 128 ಕೆಬಿಪಿಎಸ್ ಎಂಪಿ3ಗಳು. ಅಂಥ ಫೈಲ್‌ನಲ್ಲಿ ತಾಳ, ಗೆಜ್ಜೆ, 'ಸ'ಕಾರ ಎಲ್ಲ ನೀರಿನಲ್ಲಿ ಅಲುಗಿದ ಹಾಗೆ ಚರಚರ ಅನ್ನುತ್ತವೆ. ಅವನ್ನು ಇಟ್ಟುಕೊಂಡು ಟ್ಯೂನ್ ಮಾಡಿದರೆ ರೋಗಿ ಬಿಟ್ಟು ನೆರಳಿಗೆ ಔಷಧ ಕೊಟ್ಟಂತೆ.

ಪರೀಕ್ಷೆಗೆ ಮೂರು ಬಗೆಯ ಧ್ವನಿ ಸಾಕು. ಗಂಗೂಬಾಯಿ ಹಾನಗಲ್ಲರ ಆಳದ, ಗಂಡುದನಿಯಂಥ ಕಂಠ: ಅದು ತೆಳ್ಳಗೆ ಕೇಳಿದರೆ 150ರಿಂದ 400 ಹರ್ಟ್ಸ್ ಖಾಲಿ ಇದೆ ಅಂತ ಅರ್ಥ. ಹಾರ್ಮೋನಿಯಂ: ರೀಡು ಮೂಗಿನಲ್ಲಿ ಅತ್ತ ಹಾಗೆ ಕೇಳಿದರೆ 2–4 ಕಿಲೋಹರ್ಟ್ಸ್ ಉಬ್ಬಿದೆ. ಮೂರನೆಯದು ಪಿಂಕ್ ನಾಯ್ಸ್: ಎಲ್ಲ ಸ್ವರಗಳೂ ಸಮತೂಕದಲ್ಲಿ ಬೆರೆತ ಶ್‌ಶ್ ಸದ್ದು, ಅಳತೆಗೆ. ಒಂದೇ ಸಮ ಕೇಳುತ್ತ ಕೂತರೆ ಕಿವಿ ಸೋತು ಎಲ್ಲವೂ ಸರಿ ಅನ್ನಿಸತೊಡಗುತ್ತದೆ. ಅರ್ಧ ತಾಸಿಗೊಮ್ಮೆ ಗಾಡಿಯಿಂದ ಇಳಿದು ಹತ್ತು ನಿಮಿಷ ಸುಮ್ಮನಿರಬೇಕು.

ಫ್ಲ್ಯಾಟ್ ಮಾಡಿದ ಮೇಲೆ ಸದ್ದು ಸ್ವಲ್ಪ ತಿಳಿಯಾಯಿತು. 40ರಲ್ಲಿ 20 ವಾಲ್ಯೂಮ್ ದಾಟಿದರೆ ಮತ್ತೆ ಅದೇ ಕಥೆ.

ಗೇನ್

ವಾಲ್ಯೂಮ್ ಒಂದು ಹಂತ ದಾಟಿದ ಕೂಡಲೇ ಸದ್ದು ಒರಟಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕ್ಲಿಪ್ಪಿಂಗ್. ಆಂಪ್ ತನ್ನ ಮಿತಿ ಮೀರಿದಾಗ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಮೂರು, ಐದು, ಏಳು ಪಟ್ಟಿನ ಹಾರ್ಮೋನಿಕ್‌ಗಳು ಹೊಸದಾಗಿ ಹುಟ್ಟುತ್ತವೆ. 1 ಕಿಲೋಹರ್ಟ್ಸ್ ಸ್ವರ ಕ್ಲಿಪ್ ಆದರೆ 3, 5, 7 ಕಿಲೋಹರ್ಟ್ಸ್‌ನಲ್ಲಿ ಕಸ ಸೇರುತ್ತದೆ. ಕಿವಿ ಚುರುಕಾಗಿರುವ ಜಾಗಕ್ಕೇ ನೇರ ಬಂದು ಬಡಿಯುವ ಕಸ. ಹಾಡಿನಲ್ಲಿ ಇಲ್ಲದ್ದನ್ನು ಆಂಪ್ ಹುಟ್ಟಿಸುತ್ತಿದೆ, ಅದನ್ನು ಈಕ್ವಲೈಸರ್ ಅಳಿಸಲಾರದು.

ಆಂಪ್‌ನ ಗೇನ್ ನಾಬ್ ಮುಕ್ಕಾಲು ತಿರುಗಿತ್ತು. ಅದನ್ನು ವಾಲ್ಯೂಮ್ ಅಂದುಕೊಳ್ಳೋದು ಸಾಮಾನ್ಯ ತಪ್ಪು. ಅದರ ಕೆಲಸ ಸೆಟ್‌ನಿಂದ ಬರುವ ವೋಲ್ಟೇಜಿಗೆ ಆಂಪ್ ಹೊಂದಿಸೋದು, ಅಷ್ಟೇ. ಹೊಂದಿಸಿದ ಬಗೆ ಹೀಗೆ: ಸ್ಪೀಕರ್ ವೈರ್‌ಗಳನ್ನು ಆಂಪ್‌ನಿಂದ ಬಿಚ್ಚಿ, ಇಂಜಿನ್ ಚಾಲೂ ಇಟ್ಟು (ಬ್ಯಾಟರಿ ತುದಿಯಲ್ಲಿ 14.2 ವೋಲ್ಟ್), ಮೊದಲು ಸೆಟ್‌ನ ಆರ್‌ಸಿಎ ಔಟ್‌ಪುಟ್‌ಗೆ (ಆಂಪ್‌ಗೆ ಸಿಗ್ನಲ್ ಹೋಗುವ ಕಡೆ) ಸಣ್ಣ ಆಸಿಲೋಸ್ಕೋಪ್ (ಅಲೆಯ ಆಕಾರ ತೋರಿಸುವ ಸಾಧನ) ಹಚ್ಚಿ ನೋಡಿದೆವು. 0 ಡಿಬಿ (ಫೈಲ್‌ನಲ್ಲಿ ಸಾಧ್ಯವಿರುವ ಗರಿಷ್ಠ ಮಟ್ಟದ) ಟೋನ್‌ಗೆ ವಾಲ್ಯೂಮ್ 34ರ ತನಕ ಅಲೆ ದುಂಡಗಿತ್ತು, 35ಕ್ಕೆ ತಲೆ ಚಪ್ಪಟೆ. ಹಾಗಾಗಿ 32ನ್ನು ಮಿತಿ ಮಾಡಿಕೊಂಡೆವು. ಸ್ಕೋಪ್ ಇಲ್ಲದವರು ಒಟ್ಟು ವಾಲ್ಯೂಮಿನ ಮುಕ್ಕಾಲು ಪಾಲಿಗೆ ನಿಂತರೆ ಮೋಸವಿಲ್ಲ.

ಇನ್ನು ಲೆಕ್ಕ. ವ್ಯಾಟ್ ಮತ್ತು ಓಮ್ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟೇಜ್: 60 × 4 = 240, ಅದರ ವರ್ಗಮೂಲ 15.5. ವಾಲ್ಯೂಮ್ 32ರಲ್ಲಿ ಆಂಪ್‌ನ ಔಟ್‌ಪುಟ್ ಎಸಿ 15.5 ವೋಲ್ಟ್ ತೋರಿಸುವ ತನಕ ಗೇನ್ ಏರಿಸಬೇಕು, ಮುಂದಕ್ಕೆ ಬೇಡ. ನಾಬ್ ಕಾಲು ಭಾಗಕ್ಕಿಂತ ಕೆಳಗೇ ನಿಂತಿತು. ಒಂದು ಎಚ್ಚರಿಕೆ: ಅಗ್ಗದ ಮಲ್ಟಿಮೀಟರ್‌ಗಳ ಎಸಿ ರೇಂಜ್ ಮನೆಯ 50 ಹರ್ಟ್ಸ್ ಕರೆಂಟಿಗೆ ಮಾಡಿದ್ದು. 1000 ಹರ್ಟ್ಸ್‌ಗೆ ಹಲವು ಕಡಿಮೆ ತೋರಿಸುತ್ತವೆ. ಮೀಟರ್ 12 ಅಂದಾಗ ನಿಜಕ್ಕೂ 15.5 ಇದ್ದರೆ, ನೀವು ಇನ್ನೂ ಏರಿಸಿ ಆಂಪ್ ಅನ್ನು ಕ್ಲಿಪ್ಪಿಂಗಿಗೇ ತಳ್ಳುತ್ತೀರಿ. ಅದಕ್ಕೆ ಆಂಪ್‌ನ ಫಿಲ್ಟರ್ ಆಫ್ ಮಾಡಿ 100 ಹರ್ಟ್ಸ್ ಟೋನ್‌ನಲ್ಲಿ ಅಳೆಯೋದು ವಾಸಿ.

ಹಿಂದಿನ ಕೋಆಕ್ಸಿಯಲ್‌ಗಳು ಸೆಟ್‌ನ ಒಳಗಿನ ಆಂಪ್‌ನಿಂದಲೇ ನಡೆಯುತ್ತಿದ್ದವು. ಡಬ್ಬಿಯ ಮೇಲೆ "4×50 ವ್ಯಾಟ್" ಅಂತ ಬರೆದಿದ್ದರೂ 14.4 ವೋಲ್ಟಿನಲ್ಲಿ ಅಂಥ ಚಿಪ್‌ಗೆ ಶುದ್ಧವಾಗಿ ಕೊಡಲಾಗೋದು 20 ವ್ಯಾಟ್ ಆಸುಪಾಸು. ಅವು ಕ್ಲಿಪ್ ಆಗುತ್ತಿದ್ದವು. ಫೇಡರ್ (ಮುಂದೆ-ಹಿಂದೆ ಸದ್ದು ಹಂಚುವ ಸೆಟ್ಟಿಂಗ್) ಮುಂದಕ್ಕೆ ತಂದು ಹಿಂದಿನವನ್ನು ಸುಮ್ಮನೆ ಜೊತೆಗಿರುವಷ್ಟಕ್ಕೆ ಇಳಿಸಿದೆವು.

ಬಾಗಿಲು

ಹೆಚ್ಚು ಸಮಯ ತಿಂದದ್ದು ಇದು, ಹೆಚ್ಚು ಫಲ ಕೊಟ್ಟದ್ದೂ ಇದೇ. ಗಂಗೂಬಾಯಿಯವರ ಕಂಠ ಈ ಗಾಡಿಯಲ್ಲಿ ಟೆಲಿಫೋನಿನಲ್ಲಿ ಕೇಳಿದಂತಿತ್ತು. ಕೆಳಗಿನ ಮೈಕಟ್ಟು ಇಲ್ಲದ ಧ್ವನಿಯಲ್ಲಿ ಉಳಿಯೋದು ಬರೀ ಚೂಪು ಭಾಗ. ಅದೇ ಕರ್ಕಶ ಅನ್ನಿಸೋದು. 3 ಕಿಲೋಹರ್ಟ್ಸ್ ಹೆಚ್ಚಾದದ್ದಕ್ಕಿಂತ 200 ಹರ್ಟ್ಸ್ ಸತ್ತದ್ದೇ ಎಷ್ಟೋ ಗಾಡಿಗಳ ಕಾಯಿಲೆ.

ಮೊದಲು ಪೊಲ್ಯಾರಿಟಿ, ಅಂದರೆ ಪ್ಲಸ್-ಮೈನಸ್ ಜೋಡಣೆ. ಆಂಪ್ ಕಡೆಯ ವೈರ್ ತುದಿಗೆ 1.5 ವೋಲ್ಟ್ ಪೆನ್ಸಿಲ್ ಸೆಲ್ ಒಂದು ಕ್ಷಣ ತಾಗಿಸಿದರೆ ಪ್ಲಸ್‌ಗೆ ಪ್ಲಸ್ ಇದ್ದಾಗ ವೂಫರ್ ಕೋನ್ ಹೊರಕ್ಕೆ ಜಿಗಿಯಬೇಕು. ಬಲಗಡೆ ಹೊರಕ್ಕೆ ಬಂತು, ಎಡಗಡೆ ಒಳಕ್ಕೆ ಹೋಯಿತು. ಬಾಗಿಲಿನ ಕಪ್ಲರ್‌ನಲ್ಲಿ ಬಣ್ಣ ನೋಡಿ ಜೋಡಿಸುವಾಗ ಅದಲುಬದಲಾಗಿತ್ತು. ಎರಡು ಬಾಗಿಲು ಒಂದಕ್ಕೊಂದು ವಿರುದ್ಧ ಎಳೆದಾಡಿದರೆ ಬಾಸ್ ಪರಸ್ಪರ ಅಳಿಸಿಹೋಗುತ್ತದೆ, ಜನ ವಾಲ್ಯೂಮ್ ಏರಿಸುತ್ತಾರೆ, ಮೇಲಿನ ಸ್ವರಗಳು ಮಾತ್ರ ಏರುತ್ತವೆ. ಟ್ವೀಟರ್‌ಗೆ ಸೆಲ್ ಪರೀಕ್ಷೆ ಮಾಡಬೇಡಿ: ದಾರಿಯಲ್ಲಿ ಕೆಪಾಸಿಟರ್ ಇದ್ದರೆ ಡಿಸಿ ಹಾಯೋದಿಲ್ಲ, ಹಾಯ್ದರೂ ಅದರ ಚಲನೆ ಕಣ್ಣಿಗೆ ಕಾಣೋದಿಲ್ಲ.

ಡೋರ್ ಪ್ಯಾಡ್ ಬಿಚ್ಚಿದಾಗ ಕಂಡದ್ದು: ಸ್ಪೀಕರ್ ನಾಲ್ಕರಲ್ಲಿ ಎರಡೇ ಸ್ಕ್ರೂ ಮೇಲೆ ನಿಂತಿದೆ, ಕೆಳಗಿನ ಪ್ಲಾಸ್ಟಿಕ್ ರಿಂಗ್ ಸೀಳಿದೆ, ಒಂದು ಬದಿಯಲ್ಲಿ ಕಿರುಬೆರಳು ತೂರುವಷ್ಟು ಸಂದು. ಕಂಪನಿಯ ಪ್ಲಾಸ್ಟಿಕ್ ಹಾಳೆಯನ್ನು ಬ್ಲೇಡಿನಲ್ಲಿ ಸೀಳಿ ಹಾಗೇ ಬಿಟ್ಟಿದ್ದಾರೆ. ಕೋನ್ ಮುಂದಕ್ಕೆ ತಳ್ಳುವ ಗಾಳಿ ಈ ಸಂದಿನಿಂದಲೇ ಹಿಂದಕ್ಕೆ ಸುತ್ತಿ ಹೋಗುತ್ತದೆ. ಮುಂದಿನ ಅಲೆಗೂ ಹಿಂದಿನ ಅಲೆಗೂ ಹೊಂದಿಕೆ ಇಲ್ಲ, ಒಂದನ್ನೊಂದು ನುಂಗುತ್ತವೆ.

ಹೊಸ ರಿಂಗ್‌ಗೆ 18 ಎಂಎಂ ಪಿವಿಸಿ ಫೋಮ್ ಬೋರ್ಡ್, ಅಡುಗೆಮನೆಯ ಕಪಾಟಿಗೆ ಬಡಗಿಗಳು ಬಳಸುವ ಅದೇ ಹಲಗೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಧಾರವಾಡದ ಕಡೆಯ ಮಳೆಗೆ ಒಂದೇ ವರ್ಷದಲ್ಲಿ ರೊಟ್ಟಿಯ ಹಾಗೆ ಉಬ್ಬುತ್ತದೆ. ಒಳಗಿನ ತೂತು ಸ್ಪೀಕರ್ ಹಿಂಬದಿ ಅಳೆದೇ ಕೊರೆಯಬೇಕು, ಇಲ್ಲಿ 143 ಎಂಎಂ ಬಂತು. ಕೊರೆಯುವ ಮೊದಲು ಕಿಟಕಿ ಗಾಜು ಪೂರ್ತಿ ಇಳಿಸಿ, ಮ್ಯಾಗ್ನೆಟ್‌ಗೂ ಗಾಜಿಗೂ ಕನಿಷ್ಠ ಒಂದು ಸೆಂಟಿಮೀಟರ್ ಬಿಡುವು ಇದೆಯೇ ನೋಡಿ. ಇದನ್ನು ಮರೆತವರು ಗಾಜು ಒಡೆದುಕೊಂಡೇ ಕಲಿಯುತ್ತಾರೆ. ರಿಂಗ್ ಒಳಬದಿ, ಹೊರಬದಿ ಎರಡಕ್ಕೂ ಫೋಮ್ ಗ್ಯಾಸ್ಕೆಟ್.

ಡ್ಯಾಂಪಿಂಗ್‌ಗೆ (ತಗಡಿನ ಅದುರು ತಗ್ಗಿಸಲು) 2 ಎಂಎಂ ಬ್ಯೂಟೈಲ್ ರಬ್ಬರ್ ಶೀಟ್, ಮೇಲೆ ಅಲ್ಯೂಮಿನಿಯಂ ಹಾಳೆ ಇರುವಂಥದ್ದು. ಡಾಂಬರಿನ ಶೀಟ್ ಅಗ್ಗ ಅಂತ ತರಬೇಡಿ: ಏಪ್ರಿಲ್ ಬಿಸಿಲಿನಲ್ಲಿ ನಿಂತ ಗಾಡಿಯ ಬಾಗಿಲಲ್ಲಿ ಅದು ಜಾರುತ್ತದೆ, ವಾಸನೆ ಎಸಿಯಲ್ಲಿ ಸುತ್ತುತ್ತದೆ. ಹೊರಗಿನ ತಗಡಿನ ಒಳಮೈಗೆ ಎರೆ ಮಣ್ಣಿನ ಧೂಳು ಗಾರೆಯಂತೆ ಅಂಟಿತ್ತು. ಒದ್ದೆ ಬಟ್ಟೆ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ಪೂರ್ತಿ ತಗಡು ಮುಚ್ಚುವ ಅಗತ್ಯವಿಲ್ಲ. ಅಲುಗುವ ನಡುಭಾಗ ಹಿಡಿದು ಕಾಲುಭಾಗದಿಂದ ಮೂರನೇ ಒಂದು ಭಾಗ ಸಾಕು, ಸ್ಪೀಕರ್ ಹಿಂದೆ ಮಾತ್ರ ಬಿಡದೆ ಹಚ್ಚಬೇಕು. ರೋಲರ್‌ನಿಂದ ಒತ್ತಿ ಹಾಳೆಯ ಉಬ್ಬು ಚಿತ್ತಾರ ಚಪ್ಪಟೆಯಾಗುವ ತನಕ ಉಜ್ಜಬೇಕು. ಬೆರಳು ಮಡಚಿ ತಟ್ಟಿ ನೋಡಿ: ಮೊದಲು ಎಣ್ಣೆ ಡಬ್ಬ ಬಾರಿಸಿದ ಹಾಗೆ ಟಣ್ ಅನ್ನುತ್ತಿದ್ದದ್ದು ಈಗ ಹಲಗೆ ಬಡಿದ ಹಾಗೆ ಟಪ್ ಅನ್ನಬೇಕು.

ಒಳತಗಡಿನ ದೊಡ್ಡ ತೂತುಗಳಿಗೆ ಬೋರ್ಡ್ ಬರೆಯುವ ಅಂಗಡಿಯಲ್ಲಿ ಮಿಕ್ಕ 3 ಎಂಎಂ ಎಸಿಪಿ (ಅಲ್ಯೂಮಿನಿಯಂ ಹೊದಿಸಿದ ಪ್ಲಾಸ್ಟಿಕ್ ಹಲಗೆ) ತುಂಡುಗಳನ್ನು ಕತ್ತರಿಸಿ, ಅಂಚಿಗೆ ಬ್ಯೂಟೈಲ್ ಹಗ್ಗ ಇಟ್ಟು, ಸ್ಕ್ರೂ ಹಾಕಿ ಕೂರಿಸಿದೆವು. ರಿವೆಟ್ ಬೇಡ. ನಾಳೆ ಪವರ್ ವಿಂಡೋ ಮೋಟಾರ್ ಕೆಟ್ಟರೆ ಮೆಕ್ಯಾನಿಕ್ ಅದನ್ನು ಕಿತ್ತು ಎಸೆಯುತ್ತಾನೆ. ಬಾಗಿಲಿನ ತಳದಲ್ಲಿ ನೀರು ಇಳಿಯುವ ತೂತುಗಳನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಪ್ಯಾಡ್ ಕೂರಿಸುವ ಮೊದಲು ಗಾಜಿನ ಮೇಲೆ ಪೈಪಿನಿಂದ ನೀರು ಬಿಟ್ಟು, ಕೆಳಗಿನಿಂದ ಇಳಿಯುತ್ತಿದೆಯೇ ಅಂತ ನೋಡಲೇಬೇಕು.

ಅಪರಾಧಿ ಟ್ವೀಟರ್ ಅಲ್ಲ

ಬಾಗಿಲು ಮುಗಿದ ಮೇಲೆ ಧ್ವನಿಗೆ ಮೈ ಬಂತು. ಆದರೂ ಹಾರ್ಮೋನಿಯಂ ಮೂಗು ಬಿಟ್ಟಿರಲಿಲ್ಲ. ಸೀಟಿನಲ್ಲಿ ತಲೆ ಇರುವ ಜಾಗದ ಸುತ್ತ ಯುಎಂಐಕೆ-1 ಅಳತೆ ಮೈಕ್ ನಿಧಾನ ಆಡಿಸುತ್ತ ಪಿಂಕ್ ನಾಯ್ಸ್‌ನ ಸರಾಸರಿಯನ್ನು ಆರ್‌ಇಡಬ್ಲ್ಯು ತಂತ್ರಾಂಶದಲ್ಲಿ ತೆಗೆದೆವು. 3.2ರಿಂದ 4.5 ಕಿಲೋಹರ್ಟ್ಸ್ ನಡುವೆ 7 ಡಿಬಿಯ ಗುಡ್ಡ. ಎಲ್ಲರೂ ಟ್ವೀಟರ್ ಅನ್ನೇ ಬೈಯುತ್ತಾರೆ. ಎರಡೂ ಟ್ವೀಟರ್ ವೈರ್ ಬಿಚ್ಚಿ ಮತ್ತೆ ಅಳೆದರೆ ಗುಡ್ಡ ಅಲ್ಲೇ ಇತ್ತು!

ಕಾರಣ ಪ್ಯಾಡ್ ಒಳಗೇ ಸಿಕ್ಕಿತು. ಕಾಂಪೊನೆಂಟ್ ಸೆಟ್ ಜೊತೆ ಬಂದ ಕ್ರಾಸ್‌ಓವರ್ (ಕೆಳಗಿನ ಸ್ವರ ವೂಫರ್‌ಗೆ, ಮೇಲಿನದ್ದು ಟ್ವೀಟರ್‌ಗೆ ಹಂಚುವ ಫಿಲ್ಟರ್) ಡಬ್ಬಿಗೆ ಜಾಗ ಸಾಲಲಿಲ್ಲವೆಂದು ಯಾರೋ ಬಿಟ್ಟುಬಿಟ್ಟಿದ್ದರು. ಟ್ವೀಟರ್‌ಗೆ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದೇ. 4 ಓಮ್‌ಗೆ ಅದು ಕತ್ತರಿಸೋದು ಸುಮಾರು 8.5 ಕಿಲೋಹರ್ಟ್ಸ್‌ನಲ್ಲಿ. ವೂಫರ್‌ಗೆ ಏನೂ ಇಲ್ಲ, ಪೂರ್ತಿ ಹಾಡು ನೇರ. ಆರೂವರೆ ಇಂಚಿನ ಕೋನ್ ಆ ಎತ್ತರದ ಸ್ವರಗಳಲ್ಲಿ ಒಂದು ತುಂಡಾಗಿ ಚಲಿಸೋದಿಲ್ಲ, ಅಂಚು ಒಂದು ಕಡೆ, ನಡು ಒಂದು ಕಡೆ ಬಾಗಿ ತಗಡಿನಂತೆ ಕೂಗುತ್ತದೆ. ಟ್ರೆಬಲ್ ಇಳಿಸಿದರೆ ತಗ್ಗುತ್ತಿದ್ದದ್ದು ಪಾಪದ ಟ್ವೀಟರ್.

ಆಂಪ್‌ನ ಒಳಗಿನ ಹೈಪಾಸ್ (ಕೆಳಗಿನ ಸ್ವರ ತಡೆಯುವ ಫಿಲ್ಟರ್) ಇಂಥ ಕೆಲಸಕ್ಕೆ ಬರೋದಿಲ್ಲ, ಈ ಆಂಪ್‌ನಲ್ಲಿ ಅದು 250 ಹರ್ಟ್ಸ್‌ಗೇ ಮುಗಿಯುತ್ತದೆ. ಹಾಗಾಗಿ 3 ಕಿಲೋಹರ್ಟ್ಸ್‌ನ ಎರಡನೇ ದರ್ಜೆಯ ಲಿಂಕ್‌ವಿಟ್ಜ್-ರೈಲಿ ಬಗೆಯ ಪ್ಯಾಸಿವ್ (ಬರೀ ಕಾಯಿಲ್, ಕೆಪಾಸಿಟರಿನ) ಕ್ರಾಸ್‌ಓವರ್ ಕಟ್ಟಿದೆವು. 4 ಓಮ್‌ಗೆ ಲೆಕ್ಕ: ಕಾಯಿಲ್ 0.42 ಮಿಲಿಹೆನ್ರಿ, ಕೆಪಾಸಿಟರ್ 6.6 ಮೈಕ್ರೋಫ್ಯಾರಡ್. ವೂಫರ್‌ಗೆ ಕಾಯಿಲ್ ಸರಣಿಯಲ್ಲಿ, ಕೆಪಾಸಿಟರ್ ಅಡ್ಡ (ಪ್ಯಾರಲಲ್). ಟ್ವೀಟರ್‌ಗೆ ಕೆಪಾಸಿಟರ್ ಸರಣಿಯಲ್ಲಿ, ಕಾಯಿಲ್ ಅಡ್ಡ. ಈ ಟ್ವೀಟರ್‌ನ ಅನುರಣನ 1.5 ಕಿಲೋಹರ್ಟ್ಸ್, ಅದರ ದುಪ್ಪಟ್ಟು ದೂರದಲ್ಲಿ ಕತ್ತರಿಸಿದರೆ ಟ್ವೀಟರ್ ಒದ್ದಾಡೋದಿಲ್ಲ.

ಕೆಪಾಸಿಟರ್ ಬಗ್ಗೆ ಒಂದು ಮಾತು. ಒಂದೇ ದಿಕ್ಕಿನ ಸಾದಾ ಎಲೆಕ್ಟ್ರೋಲಿಟಿಕ್ ಇಲ್ಲಿ ನಡೆಯೋದಿಲ್ಲ. ಆಡಿಯೊ ಫಿಲ್ಮ್ ಕೆಪಾಸಿಟರ್‌ಗೆ ಕೊರಿಯರ್ ಕಾಯುವ ಬದಲು ಸೀಲಿಂಗ್ ಫ್ಯಾನಿನ ಕಂಡೆನ್ಸರ್ ತನ್ನಿ. ಅದೂ ಮೆಟಲೈಸ್ಡ್ ಪಾಲಿಪ್ರೊಪಿಲಿನ್ ಫಿಲ್ಮೇ, ಯಾವ ಇಲೆಕ್ಟ್ರಿಕ್ ಅಂಗಡಿಯಲ್ಲೂ ಸಿಗುತ್ತದೆ. 4 ಮತ್ತು 2.5 ಮೈಕ್ರೋಫ್ಯಾರಡ್ ಪ್ಯಾರಲಲ್ ಹಾಕಿದರೆ 6.5, ಲೆಕ್ಕಕ್ಕೆ ಕೂದಲೆಳೆ ಕಡಿಮೆ. ಗಾತ್ರ ದೊಡ್ಡದು ಅನ್ನೋದೊಂದೇ ತೊಂದರೆ. ಡಬ್ಬಿಯನ್ನು ಸೀಟಿನ ಕೆಳಗಿಟ್ಟರಾಯಿತು. ಅಲ್ಲಿಂದ ವೂಫರ್‌ಗೆ, ಟ್ವೀಟರ್‌ಗೆ ಬೇರೆ ಬೇರೆ ವೈರ್ ಎಳೆಯಬೇಕಾಗುತ್ತದೆ.

ಕಾಯಿಲ್‌ಗಳು 18 ಗೇಜ್ ಏರ್‌ಕೋರ್. ಎರಡನ್ನೂ ಪಕ್ಕಪಕ್ಕ ಮಲಗಿಸಬಾರದು. ಒಂದು ಮಲಗಿದರೆ ಇನ್ನೊಂದು ನಿಲ್ಲಬೇಕು, ಇಲ್ಲವಾದರೆ ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ಸೋರುತ್ತದೆ. ನಡುವಿನ ತೂತಿಗೆ ಕಬ್ಬಿಣದ ಬೋಲ್ಟ್ ಹಾಕಿ ಬಿಗಿದರೆ ಕಾಯಿಲ್‌ನ ಮಿಲಿಹೆನ್ರಿ ಅಳತೆಯೇ ಬದಲಾಗುತ್ತದೆ, ನೈಲಾನ್ ಟೈ ಬಳಸಿ.

ಲೆಕ್ಕವೆಲ್ಲ 4 ಓಮ್ ಸ್ಥಿರ ಅನ್ನುವ ನಂಬಿಕೆಯ ಮೇಲೆ ನಿಂತಿದೆ, ವೂಫರ್‌ನ ಓಮ್ ಮಾತ್ರ ಸ್ವರ ಏರಿದಂತೆ ಏರುತ್ತದೆ. ಅದನ್ನು ಹಿಡಿದಿಡಲು ವೂಫರ್‌ಗೆ ಅಡ್ಡಲಾಗಿ ಜೋಬೆಲ್ ಅನ್ನುವ ಜೋಡಣೆ: 4.7 ಓಮ್ ರೆಸಿಸ್ಟರ್, ಅದರ ಸರಣಿಯಲ್ಲಿ 15 ಮೈಕ್ರೋಫ್ಯಾರಡ್. ಇದನ್ನು ಬಿಟ್ಟು ಕಟ್ಟಿದ ಮೊದಲ ಡಬ್ಬಿಯಲ್ಲಿ ಗುಡ್ಡ ಅರ್ಧಕ್ಕೆ ಮಾತ್ರ ಇಳಿದಿತ್ತು, ಜೋಬೆಲ್ ಸೇರಿಸಿದ ಮೇಲೆ ಕಾಣೆಯಾಯಿತು.

ಈಗ ಟ್ವೀಟರ್ 3 ಕಿಲೋಹರ್ಟ್ಸ್‌ನಿಂದ ಕೆಲಸಕ್ಕೆ ಬಂತು, ವೂಫರ್‌ಗಿಂತ 4 ಡಿಬಿ ಜೋರಾಗಿ. ಅದನ್ನು ತಗ್ಗಿಸಲು ಎಲ್-ಪ್ಯಾಡ್ ಅನ್ನುವ ಎರಡು ರೆಸಿಸ್ಟರ್‌ಗಳ ಜೋಡಣೆ: 1.5 ಓಮ್ ಸರಣಿಯಲ್ಲಿ, 6.8 ಓಮ್ ಟ್ವೀಟರ್‌ಗೆ ಅಡ್ಡ, ಎರಡೂ 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್. 6.8 ಮತ್ತು 4 ಅಡ್ಡ ಸೇರಿದರೆ 2.52, ಅದಕ್ಕೆ 1.5 ಕೂಡಿಸಿದರೆ 4.02. ಕ್ರಾಸ್‌ಓವರ್‌ಗೆ ಮೊದಲಿನ 4 ಓಮ್ ಸಿಕ್ಕಂತೆಯೇ. ಬರೀ ಸರಣಿಯಲ್ಲಿ ಒಂದು ರೆಸಿಸ್ಟರ್ ಹಾಕಿ ಕೈತೊಳೆದುಕೊಂಡರೆ ಕತ್ತರಿಸುವ ಬಿಂದುವೇ ಜಾರುತ್ತದೆ. ಈ ಬಗೆಯ ಕ್ರಾಸ್‌ಓವರ್‌ನಲ್ಲಿ ಟ್ವೀಟರ್‌ನ ಪ್ಲಸ್-ಮೈನಸ್ ತಿರುಗಿಸಿ ಜೋಡಿಸೋದು ಪುಸ್ತಕದ ನಿಯಮ. ಗಾಡಿಯಲ್ಲಿ ಎರಡೂ ಬಗೆ ಅಳೆದು, 3 ಕಿಲೋಹರ್ಟ್ಸ್‌ನಲ್ಲಿ ಹಳ್ಳ ಬೀಳದ್ದನ್ನು ಇಟ್ಟುಕೊಳ್ಳಿ. ಇಲ್ಲಿ ತಿರುಗಿಸಿದ್ದೇ ಸರಿಹೋಯಿತು.

ದಿಕ್ಕು, ಅಂತರ, ಕೊನೆಗೆ ಈಕ್ವಲೈಸರ್

ಬಲಗಡೆ ಟ್ವೀಟರ್ ಚಾಲಕನ ಕಿವಿಗೆ ನೇರ ಗುರಿಯಿಟ್ಟಿತ್ತು. ಎರಡನ್ನೂ ಒಳಚಾವಣಿಯ ದೀಪದ ಕಡೆ ತಿರುಗಿಸಿ, ಹಿಂದೆ ಎಂ-ಸೀಲ್‌ನ ಬಟ್ಟಲು ಮಾಡಿ ಕೂರಿಸಿದೆವು. ಇದರಿಂದ ತಗ್ಗೋದು 8 ಕಿಲೋಹರ್ಟ್ಸ್ ಮೇಲಿನದ್ದು. 3 ಕಿಲೋಹರ್ಟ್ಸ್ ಗುಡ್ಡ ದಿಕ್ಕು ಬದಲಿಸಿದರೆ ಹೋಗೋದಿಲ್ಲ.

ಚಾಲಕನ ತಲೆಯಿಂದ ಬಲ ವೂಫರ್ 95 ಸೆಂಟಿಮೀಟರ್, ಎಡ ವೂಫರ್ 145. ಸದ್ದು ಒಂದು ಮಿಲಿಸೆಕೆಂಡಿಗೆ 34.3 ಸೆಂಟಿಮೀಟರ್ ಸಾಗುತ್ತದೆ, 50 ಸೆಂಟಿಮೀಟರ್ ವ್ಯತ್ಯಾಸಕ್ಕೆ 1.46 ಮಿಲಿಸೆಕೆಂಡ್. ಸೆಟ್‌ನ ಟೈಮ್ ಅಲೈನ್‌ಮೆಂಟ್‌ನಲ್ಲಿ ಬಲಗಡೆಗೆ 1.5 ತಡ ಕೊಟ್ಟೆವು. ಹಾಡುಗಾರ ಬಲ ಬಾಗಿಲು ಬಿಟ್ಟು ಡ್ಯಾಶ್‌ಬೋರ್ಡಿನ ನಡುವೆ ಬಂದು ಕೂತ. ಬಾಗಿಲಿನ ಸ್ಪೀಕರ್‌ಗಳಿಗೆ 80 ಹರ್ಟ್ಸ್ ಹೈಪಾಸ್, ಸಬ್‌ಗೆ ಅಲ್ಲೇ ಲೋಪಾಸ್ (ಮೇಲಿನ ಸ್ವರ ತಡೆಯುವ ಫಿಲ್ಟರ್). ಕೋನ್ ಆಳದ ಬಾಸ್‌ಗೆ ಕುಣಿಯೋದು ನಿಂತರೆ ಅದರ ಮೇಲೆ ಹತ್ತಿದ ಧ್ವನಿ ಗೊಗ್ಗರಾಗೋದೂ ನಿಲ್ಲುತ್ತದೆ.

ಈಕ್ವಲೈಸರ್‌ಗೆ ಉಳಿದದ್ದು ಮೂರೇ ಕೆಲಸ: 2.5 ಕಿಲೋಹರ್ಟ್ಸ್ ಎರಡು ಡಿಬಿ ಕೆಳಗೆ, 125 ಹರ್ಟ್ಸ್ ಮೂರು ಡಿಬಿ ಕೆಳಗೆ, 6.3 ಕಿಲೋಹರ್ಟ್ಸ್ ಒಂದು ಡಿಬಿ ಕೆಳಗೆ. ಏರಿಸಿದ್ದು ಯಾವುದೂ ಇಲ್ಲ. ಗ್ರಾಫ್ ಗೆರೆ ಹೊಡೆದಂತೆ ಸಮ ಮಾಡಲು ಹೋಗಬೇಡಿ, ಸಮ ಗೆರೆ ಕಾರಿನೊಳಗೆ ಕರ್ಕಶವಾಗೇ ಕೇಳುತ್ತದೆ. ಬಾಸ್‌ನಿಂದ ಮೇಲಕ್ಕೆ ಹೋದಂತೆ ಗೆರೆ ಮೆಲ್ಲಗೆ ಇಳಿಯಬೇಕು. ನಿಂತ ಗಾಡಿಯಲ್ಲಿ ಬಾಸ್ ತುಸು ಹೆಚ್ಚೇ ಅನ್ನಿಸಿದರೆ ಇರಲಿ, ಪಿ.ಬಿ. (ಪುಣೆ-ಬೆಂಗಳೂರು) ರೋಡಿನಲ್ಲಿ 60ರ ವೇಗಕ್ಕೆ ಟೈರಿನ ಗುಂಯ್‌ಗುಡುವಿಕೆ ಅದನ್ನು ತಿಂದುಹಾಕುತ್ತದೆ.

ಪರೀಕ್ಷೆಗೆ ಧಾರವಾಡದ ತನಕ ಹೋಗಿ ಬರುವಾಗ ಎರಡು ತಪ್ಪು ಸಿಕ್ಕವು. ಸಿಮೆಂಟ್ ರೆಸಿಸ್ಟರ್ ಬಿಸಿಯೇರಿ ಪಕ್ಕದ ಫ್ಯಾನ್ ಕಂಡೆನ್ಸರ್‌ನ ಪ್ಲಾಸ್ಟಿಕ್ ಮೆತ್ತಗಾಗಿತ್ತು. ಎರಡು ಸೆಂಟಿಮೀಟರ್ ದೂರ ಸರಿಸಿ, ಡಬ್ಬಿಗೆ ಗಾಳಿತೂತು ಕೊರೆದೆವು. ನವನಗರ ದಾಟುವಾಗ ಎಡ ಬಾಗಿಲಲ್ಲಿ ಒಂದೇ ಸ್ವರಕ್ಕೆ ಝರ್ರ್ ಅನ್ನುತ್ತಿತ್ತು. ಟೋನ್ ಜನರೇಟರ್ ತಿರುಗಿಸುತ್ತ ಹೋದರೆ 110 ಹರ್ಟ್ಸ್‌ಗೆ ಸಿಕ್ಕಿತು: ಬಾಗಿಲ ಲಾಕಿನ ಸರಳು ತಗಡಿಗೆ ತಾಗುತ್ತಿತ್ತು. ಒಂದು ಗೇಣು ಫೆಲ್ಟ್ ಟೇಪ್ ಸುತ್ತಿ ಪ್ಯಾಡಿನ ಕ್ಲಿಪ್ ಮತ್ತೆ ಒತ್ತಿದೆವು.